ಇಲ್ಲದ ಕಣದಲ್ಲಿ ಕಾರಿನ ಪಂದ್ಯ

ಕಂಬಳ ನಡೆಯಬೇಕಾದರೆ ನೀರು ಕಟ್ಟಿದ ಗದ್ದೆಯೊಂದು ಬೇಕು. ಗದ್ದೆಗೆ ಒಬ್ಬ ಯಜಮಾನನಿರಬೇಕು. ಕೋಣಗಳು ಯಾರವೇ ಆಗಿರಲಿ, ಕೆಸರನ್ನು ಹದಗೊಳಿಸುವ ಖರ್ಚು, ಬಂದವರಿಗೆ ನಿಲ್ಲಲು ಎಡೆ, ಗೆದ್ದವರಾರೆಂದು ನಿರ್ಣಯಿಸುವ ಹೊಣೆ ಇವೆಲ್ಲ ಗದ್ದೆಯ ಕಡೆಯವರಿಗೆ ಸೇರಿದುವು. ಮೋಟಾರು ಪಂದ್ಯಗಳ ರೀತಿಯೂ ಇದೇ. ಆದರೆ ಕಳೆದ ಕೆಲವು ದಶಕಗಳಿಂದ ಒಂದು ವಿಚಿತ್ರವಾದ ಕಾರಿನ ಪಂದ್ಯ ಬಳಕೆಗೆ ಬಂದಿದೆ. ಇದರಲ್ಲಿ ಓಡುವ ಕಾರುಗಳಿಗೆ ಚಕ್ರಗಳಿಲ್ಲ. ಓಟದ ಹಾದಿಗೆ ಮಣ್ಣಿಲ್ಲ. ಒಬ್ಬ ಚಾಲಕ ಹುಬ್ಬಳ್ಳಿಯಲ್ಲಿ, ಇನ್ನೊಬ್ಬ ಮೈಸೂರಿನಲ್ಲಿ, ಮೂರನೆಯವನು ಜರ್ಮನಿಯ ಯಾವುದೋ ಊರಿನಲ್ಲಿ ತಂತಮ್ಮ ಕೋಣೆಗಳಲ್ಲಿ ಕುಳಿತು ಮೇಜಿಗೆ ಬಿಗಿದ ಚುಕ್ಕಾಣಿಯನ್ನು ತಿರುಗಿಸುತ್ತಾರೆ. ಎದುರಿನ ತೆರೆಯ ಮೇಲೆ ಮೂವರೂ ಒಂದೇ ತಿರುವಿನಲ್ಲಿ ಮೈಗೆ ಮೈ ತಾಗುವಂತೆ ಸಾಗುತ್ತಾರೆ. ಹಾಗಾದರೆ ಪಂದ್ಯ ನಡೆದದ್ದು ಎಲ್ಲಿ? ಗದ್ದೆ ಯಾರದು? ಅದರ ಖರ್ಚನ್ನು ಕೊಡಬೇಕಾದವರು ಯಾರು?

ಈ ಕ್ರೀಡೆಗೆ ಸಿಮ್ ರೇಸಿಂಗ್ ಎಂದು ಹೆಸರು. ಇದನ್ನು ಮಕ್ಕಳ ಆಟವೆಂದು ತಳ್ಳಿಹಾಕುವವರುಂಟು. ಆದರೆ ಇದರ ಒಳಗಿರುವುದು ನಮ್ಮ ಕಾಲೇಜಿನ ಪಠ್ಯಪುಸ್ತಕದ ಚಲನಶಾಸ್ತ್ರವೇ. ಟೈರಿನ ರಬ್ಬರು ನೆಲವನ್ನು ಹಿಡಿಯುವ ಬಗೆ, ತೂಕ ಮುಂದಿನ ಚಕ್ರಗಳಿಗೆ ಸರಿಯುವ ಬಗೆ, ಗಾಳಿ ಒತ್ತುವ ಬಗೆ ಇವನ್ನೆಲ್ಲ ಕಂಪ್ಯೂಟರು ಸೆಕೆಂಡಿಗೆ ಮುನ್ನೂರಕ್ಕೂ ಹೆಚ್ಚು ಬಾರಿ ಲೆಕ್ಕ ಮಾಡುತ್ತಿರುತ್ತದೆ. ಅಮೆರಿಕದ ಐರೇಸಿಂಗ್, ಇಟಲಿಯ ಅಸೆಟ್ಟೊ ಕೋರ್ಸಾ ಮುಂತಾದುವು ಈ ಜಾತಿಯ ಆಟಗಳು.

ಹಲವು ಮನೆಗಳ ಕಾರುಗಳನ್ನು ಒಂದೇ ಹಾದಿಯಲ್ಲಿ ಕೂಡಿಸುವ ಯಂತ್ರಕ್ಕೆ ಸರ್ವರ್ ಎನ್ನುತ್ತಾರೆ. (ಮೋಟಾರು, ರೇಡಿಯೋ ಎಂದು ಬರೆಯುವ ನಮ್ಮ ವಾಡಿಕೆಯಂತೆ ಇದನ್ನು ‘ಸರ್ವರು’ ಎಂದು ಬರೆದರೆ ‘ಎಲ್ಲರೂ’ ಎಂಬ ಅರ್ಥ ಬಂದುಬಿಡುವುದರಿಂದ ಕೊನೆಯ ಸ್ವರವನ್ನು ಬಿಟ್ಟಿದ್ದೇವೆ.) ಈ ಸರ್ವರನ್ನು ಪಡೆಯಲು ಎರಡು ದಾರಿಗಳಿವೆ. ಆಟಗಾರರಲ್ಲಿ ಒಬ್ಬನು ತನ್ನ ಮನೆಯ ಕಂಪ್ಯೂಟರನ್ನೇ ಆತಿಥೇಯನನ್ನಾಗಿ ಮಾಡಿ ಉಳಿದವರನ್ನು ಬರಮಾಡಿಕೊಳ್ಳಬಹುದು, ಇದಕ್ಕೆ ಖರ್ಚಿಲ್ಲ. ಅಥವಾ ಹಣ ಕೊಟ್ಟು, ಆ ಕೆಲಸಕ್ಕೆಂದೇ ಮೀಸಲಾದ ಯಂತ್ರವನ್ನು ಬಾಡಿಗೆಗೆ ಹಿಡಿಯಬಹುದು. ಹಣ ಕೊಟ್ಟವರು ‘ಬಿಟ್ಟಿ ಸರ್ವರಿನಲ್ಲಿ ನ್ಯಾಯವಾದ ಪಂದ್ಯ ಸಾಧ್ಯವಿಲ್ಲ’ ಎನ್ನುತ್ತಾರೆ. ಕೊಡದವರು ‘ಇಷ್ಟು ವರ್ಷ ಬಿಟ್ಟಿಯಾಗಿ ನಡೆದದ್ದಕ್ಕೆ ಈಗ ಕಾಸೇಕೆ?’ ಎನ್ನುತ್ತಾರೆ. ಈ ಜಗಳವನ್ನು ಭೌತಶಾಸ್ತ್ರದ ಮುಂದಿಟ್ಟರೆ ಅದು ಎರಡಾಗಿ ಒಡೆಯುತ್ತದೆ: ಹಣದಿಂದ ಪಡೆಯಬಹುದಾದದ್ದು ಒಂದು ಭಾಗ, ಎಷ್ಟು ಹಣ ಸುರಿದರೂ ದೊರೆಯದಿರುವುದು ಇನ್ನೊಂದು.

ಮೊದಲು ಸರ್ವರ್ ಏನು ಮಾಡುತ್ತದೆಂಬುದನ್ನು ತಿಳಿಯೋಣ. ಎಲ್ಲ ಕಾರುಗಳ ಚಲನೆಯನ್ನೂ ಅದೇ ಲೆಕ್ಕ ಹಾಕುತ್ತದೆಂದು ಅನೇಕರು ಭಾವಿಸಿರುತ್ತಾರೆ. ಹಾಗಲ್ಲ. ಹಾಗೆ ಮಾಡಿದ್ದರೆ, ನಾವು ಚುಕ್ಕಾಣಿಯನ್ನು ತಿರುಗಿಸಿದ ಸುದ್ದಿ ದೂರದ ಸರ್ವರನ್ನು ಮುಟ್ಟಿ, ಅಲ್ಲಿಂದ ಉತ್ತರ ಬಂದ ಮೇಲೆಯೇ ನಮ್ಮ ಕಾರು ತಿರುಗಬೇಕಾಗುತ್ತಿತ್ತು. ಅಂಥ ಕಾರನ್ನು ಯಾರೂ ಓಡಿಸಲಾರರು. ಆದುದರಿಂದ ಪ್ರತಿಯೊಬ್ಬನ ಕಾರಿನ ಲೆಕ್ಕವೂ ಅವನವನ ಮನೆಯಲ್ಲೇ ನಡೆಯುತ್ತದೆ. ‘ನಾನು ಈ ಕ್ಷಣ ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಈ ದಿಕ್ಕಿಗೆ ಹೋಗುತ್ತಿದ್ದೇನೆ’ ಎಂಬ ಚಿಕ್ಕ ಪೊಟ್ಟಣವನ್ನು ಅವನ ಕಂಪ್ಯೂಟರು ಸೆಕೆಂಡಿಗೆ ಹಲವು ಬಾರಿ ಕಳುಹಿಸುತ್ತದೆ. ಸರ್ವರ್ ಅದನ್ನು ಉಳಿದವರಿಗೆಲ್ಲ ಹಂಚುತ್ತದೆ, ಗಡಿಯಾರವನ್ನು ಕಾಯುತ್ತದೆ, ಸುತ್ತುಗಳನ್ನು ಎಣಿಸುತ್ತದೆ. ಅದು ಅಂಚೆಯವನೂ ಹೌದು, ಪಂದ್ಯದ ಗುಮಾಸ್ತನೂ ಹೌದು. ದೊಡ್ಡ ಬುದ್ಧಿಶಕ್ತಿ ಅದಕ್ಕೆ ಬೇಕಿಲ್ಲ. ಬೇಕಾದದ್ದು ಹೊತ್ತಿಗೆ ಸರಿಯಾಗಿ ಅಂಚೆ ಮುಟ್ಟಿಸುವ ನಿಯತ್ತು.

ಅಂಚೆ ತಡವಾದರೆ ಏನಾಗುತ್ತದೆ? ಗಂಟೆಗೆ 300 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ ಸುಮಾರು 83 ಮೀಟರು ಸಾಗುತ್ತದೆ. ಸುದ್ದಿ ನಮಗೆ ಮುಟ್ಟಲು 100 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಹತ್ತನೆಯ ಒಂದಂಶ, ಹಿಡಿಯಿತೆನ್ನೋಣ. ಅಷ್ಟರಲ್ಲಿ ಎದುರಾಳಿಯ ಕಾರು 8.3 ಮೀಟರು ಮುಂದೆ ಹೋಗಿರುತ್ತದೆ. ಕಾರಿನ ಉದ್ದವೇ ಐದು ಮೀಟರಿನ ಆಸುಪಾಸು. ಬಂದ ಸುದ್ದಿಯನ್ನು ಇದ್ದಂತೆಯೇ ತೆರೆಯ ಮೇಲೆ ತೋರಿಸಿದರೆ ಪಂದ್ಯವೇ ಕೆಟ್ಟಂತಾಯಿತು.

ಇಲ್ಲಿ ಹಳೆಯ ನಾವಿಕರ ಉಪಾಯವೊಂದು ನೆರವಿಗೆ ಬರುತ್ತದೆ. ದಡ ಕಾಣದ ಕಡಲಿನಲ್ಲಿ ಹಡಗಿನವರು, ಕೊನೆಯ ಸಲ ತಿಳಿದ ಸ್ಥಾನಕ್ಕೆ ವೇಗವನ್ನೂ ಕಾಲವನ್ನೂ ಗುಣಿಸಿ ಕೂಡಿಸಿ, ಈಗ ತಾವೆಲ್ಲಿರಬೇಕೆಂದು ಅಂದಾಜು ಮಾಡುತ್ತಿದ್ದರು. 1980ರ ದಶಕದಲ್ಲಿ ಅಮೆರಿಕದ ಸೇನೆಯ ತರಬೇತಿಗಾಗಿ ಸಿಮ್‌ನೆಟ್ ಎಂಬ ಜಾಲವನ್ನು ಕಟ್ಟಿದಾಗ, ಬೇರೆಬೇರೆ ಊರುಗಳ ಕೃತಕ ಟ್ಯಾಂಕುಗಳನ್ನು ಒಂದೇ ರಣರಂಗದಲ್ಲಿ ತೋರಿಸಲು ಇದೇ ಅಂದಾಜು ಗಣನೆಯನ್ನು ಬಳಸಿದರು. ಕಾರಿನ ಪಂದ್ಯಕ್ಕೂ ಅದೇ ಆಧಾರ. ಹತ್ತನೆಯ ಒಂದು ಸೆಕೆಂಡು ಹಳೆಯದಾದ ಸುದ್ದಿಯನ್ನು ಪಡೆದ ನಮ್ಮ ಕಂಪ್ಯೂಟರು ಎದುರಾಳಿಯ ಕಾರನ್ನು ತಾನಾಗಿಯೇ 8.3 ಮೀಟರು ಮುಂದಕ್ಕೆ ಸರಿಸಿ ಚಿತ್ರಿಸುತ್ತದೆ. ಎಂದಮೇಲೆ ನಾವು ತೆರೆಯ ಮೇಲೆ ಕಾಣುವುದು ಎದುರಾಳಿಯನ್ನಲ್ಲ, ಅವನನ್ನು ಕುರಿತ ಒಂದು ಊಹೆಯನ್ನು!

ಊಹೆ ಎಷ್ಟರ ಮಟ್ಟಿಗೆ ತಪ್ಪಬಹುದು? ಎದುರಾಳಿ ಒಂದೇ ವೇಗದಲ್ಲಿ ನೇರವಾಗಿ ಹೋಗುತ್ತಿದ್ದರೆ ತಪ್ಪು ಸೊನ್ನೆ. ಆದರೆ ಸುದ್ದಿ ಹೊರಟ ಮರುಕ್ಷಣವೇ ಅವನು ಬ್ರೇಕನ್ನು ಒತ್ತಿದನೆಂದು ಇಟ್ಟುಕೊಳ್ಳೋಣ. ಫಾರ್ಮುಲಾ ಕಾರಿನ ಬ್ರೇಕು ಗುರುತ್ವದ ನಾಲ್ಕು ಪಟ್ಟು, ಎಂದರೆ ಸೆಕೆಂಡಿಗೆ ಸೆಕೆಂಡಿಗೆ 40 ಮೀಟರಿನಷ್ಟು ವೇಗವನ್ನು ಇಳಿಸಬಲ್ಲದು. ವೇಗೋತ್ಕರ್ಷದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದರೆ ದೂರ ಬರುತ್ತದೆಂಬುದನ್ನು ಹೈಸ್ಕೂಲಿನ ವಿದ್ಯಾರ್ಥಿಗಳೂ ಬಲ್ಲರು. ಅದರಂತೆ ವಿಳಂಬ 50 ಮಿಲಿಸೆಕೆಂಡಾದರೆ ತಪ್ಪು 5 ಸೆಂಟಿಮೀಟರು; 100 ಆದರೆ 20 ಸೆಂಟಿಮೀಟರು; 200 ಆದರೆ 80; 300 ಆದರೆ 1.8 ಮೀಟರು. ವಿಳಂಬ ಇಮ್ಮಡಿಯಾದರೆ ತಪ್ಪು ನಾಲ್ಮಡಿಯಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಈ ಚರ್ಚೆಯ ತಿರುಳೆಲ್ಲ ಈ ವರ್ಗದ ನಿಯಮದಲ್ಲೇ ಇದೆ. 100 ಮಿಲಿಸೆಕೆಂಡನ್ನು 50ಕ್ಕೆ ಇಳಿಸಲು ಹಣ ಚೆಲ್ಲುವವನು ಹದಿನೈದು ಸೆಂಟಿಮೀಟರನ್ನು ಕೊಳ್ಳುತ್ತಾನೆ. 300ನ್ನು 200ಕ್ಕೆ ಇಳಿಸಿದವನು ಒಂದು ಮೀಟರನ್ನೇ ಕೊಂಡಂತಾಯಿತು.

ಪಂದ್ಯದಲ್ಲಿ ಕಾರುಗಳ ನಡುವಣ ಅಂತರ ಅರ್ಧ ಮೀಟರಿಗೂ ಕಡಮೆಯಾಗುವುದುಂಟು. ಆಗ 80 ಸೆಂಟಿಮೀಟರಿನ ತಪ್ಪೆಂದರೆ, ನಮ್ಮ ತೆರೆಯ ಮೇಲೆ ಡಿಕ್ಕಿ, ಎದುರಾಳಿಯ ತೆರೆಯ ಮೇಲೆ ಖಾಲಿ ಜಾಗ. ‘ನೀನು ಹೊಡೆದೆ’ ಎಂದು ಒಬ್ಬನು, ‘ನಾನು ನಿನ್ನ ಹತ್ತಿರಕ್ಕೂ ಬಂದಿಲ್ಲ’ ಎಂದು ಇನ್ನೊಬ್ಬನು. ಇಬ್ಬರೂ ಕಂಡದ್ದನ್ನೇ ಹೇಳುತ್ತಿರುತ್ತಾರೆ! ತರಗತಿಯಲ್ಲಿ ಸಾಪೇಕ್ಷತಾ ಸಿದ್ಧಾಂತವನ್ನು ಪಾಠ ಹೇಳುವಾಗ, ಏಕಕಾಲಿಕತೆಯೆಂಬುದು ನೋಡುವವನನ್ನು ಅವಲಂಬಿಸಿದೆ ಎಂಬ ಮಾತು ವಿದ್ಯಾರ್ಥಿಗಳಿಗೆ ಬೇಗ ಗಂಟಲಿಗಿಳಿಯುವುದಿಲ್ಲ. ಈ ಡಿಕ್ಕಿಗಳ ಕಾರಣ ಬೇರೆಯಾದರೂ, ಆ ಮಾತಿಗೆ ಒಳ್ಳೆಯ ಪೀಠಿಕೆಯಾದಾವು.

ಇನ್ನು ವಿಳಂಬದ ಮೂಲವನ್ನು ನೋಡೋಣ. ಶೂನ್ಯದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರು. ಸುದ್ದಿ ಸಾಗುವ ಗಾಜಿನ ಎಳೆಯಲ್ಲಿ ಅದು ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ. ಸಾವಿರ ಕಿಲೋಮೀಟರಿಗೆ ಐದು ಮಿಲಿಸೆಕೆಂಡು ಬೇಕೇ ಬೇಕು. ಬೆಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟಿಗೆ ಭೂಗೋಳದ ಮೇಲೆ ಎಳೆದ ಅತಿ ಹತ್ತಿರದ ಗೆರೆ ಸುಮಾರು 7,400 ಕಿಲೋಮೀಟರು. ಹೋಗಲಿಕ್ಕೇ 37 ಮಿಲಿಸೆಕೆಂಡಾಯಿತು. ಮೈಸೂರಿನ ಒಬ್ಬನೂ ಹುಬ್ಬಳ್ಳಿಯ ಒಬ್ಬನೂ ಫ್ರಾಂಕ್‌ಫರ್ಟಿನ ಸರ್ವರಿನಲ್ಲಿ ಓಡಿದರೆ, ಮೈಸೂರಿನ ಸುದ್ದಿ ಯುರೋಪನ್ನು ಕಂಡು ಬಂದೇ ಹುಬ್ಬಳ್ಳಿಯನ್ನು ಮುಟ್ಟಬೇಕು. ಹೋಗಿ ಬರುವ ದಾರಿಗೆ 74 ಮಿಲಿಸೆಕೆಂಡು ಕನಿಷ್ಠ ತೆರಿಗೆ. ಕೇಬಲ್ಲುಗಳು ಹತ್ತಿರದ ಗೆರೆಯಲ್ಲಿ ಹಾಯುವುದಿಲ್ಲ. ಸಮುದ್ರದ ತಳದಲ್ಲಿ ಸುತ್ತಿಕೊಂಡು ಹೋಗುತ್ತವೆ, ದಾರಿಯಲ್ಲಿ ಕಟ್ಟೆಕಟ್ಟೆಗೂ ತಂಗುತ್ತವೆ. ಈ ಸಂಖ್ಯೆ ಇಮ್ಮಡಿಯಾಗುವುದು ಅಪರೂಪವೇನಲ್ಲ. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಜೆಡ್ಡಾದ ಬಳಿ ಕೇಬಲ್ಲುಗಳು ತುಂಡಾದಾಗ ಭಾರತದ ಸಂಪರ್ಕವೂ ನಿಧಾನವಾಯಿತು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗುತ್ತದೆ. ಫ್ರಾಂಕ್‌ಫರ್ಟಿನ ಯಂತ್ರ ಎಷ್ಟೇ ಬೆಲೆಯುಳ್ಳದ್ದಾಗಿರಲಿ, ಮೈಸೂರು ಹುಬ್ಬಳ್ಳಿಗಳ ಗೆಳೆಯರಿಬ್ಬರಿಗೆ ಅವರಲ್ಲೊಬ್ಬನ ಮನೆಯ ಹಳೆಯ ಕಂಪ್ಯೂಟರೇ ಮೇಲು. ಬೆಳಕಿಗೆ ಲಂಚ ಕೊಡಲು ಬರುವುದಿಲ್ಲವಷ್ಟೆ.

ಹಾಗಾದರೆ ಬಾಡಿಗೆ ಕೊಡುವವರು ಮೂರ್ಖರೇ? ಅಲ್ಲ. ಗೆಳೆಯರು ಇಬ್ಬರಿದ್ದಾಗ ನಡೆದ ಮಾತು ಇಪ್ಪತ್ತನಾಲ್ವರಿದ್ದಾಗ ನಡೆಯದು. ಒಂದು ಕಾರಿನ ಸುದ್ದಿಗೆ 100 ಬೈಟುಗಳೆಂದೂ, ಸೆಕೆಂಡಿಗೆ 20 ಸುದ್ದಿಗಳೆಂದೂ ಲೆಕ್ಕದ ಅನುಕೂಲಕ್ಕಾಗಿ ಹಿಡಿಯೋಣ. ಬೈಟಿಗೆ ಎಂಟು ಬಿಟ್ಟುಗಳಂತೆ ಒಂದು ಕಾರಿಗೆ ಸೆಕೆಂಡಿಗೆ 16,000 ಬಿಟ್ಟುಗಳು. ಮನೆಯ ಆತಿಥೇಯನೂ ಸೇರಿ 24 ಕಾರುಗಳಿದ್ದರೆ, ಅವನಿಗೆ ಒಳಬರುವುದು 23 ಸುದ್ದಿಗಳು ಮಾತ್ರ; ಸುಮಾರು 3.7 ಲಕ್ಷ ಬಿಟ್ಟುಗಳು. ಆದರೆ ಅವನು ಕಳುಹಿಸಬೇಕಾದದ್ದು ಎಷ್ಟು? 23 ಅತಿಥಿಗಳಲ್ಲಿ ಪ್ರತಿಯೊಬ್ಬನಿಗೂ ಉಳಿದ 23 ಕಾರುಗಳ ಸುದ್ದಿ! 23ನ್ನು 23ರಿಂದ ಗುಣಿಸಿ, ಮತ್ತೆ 16,000ದಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 85 ಲಕ್ಷ ಬಿಟ್ಟುಗಳು. ಕಾರುಗಳ ಸಂಖ್ಯೆಯನ್ನು ಅರ್ಧ ಮಾಡಿದರೆ ಹೊರೆ ಕಾಲುಭಾಗಕ್ಕಿಂತಲೂ ತುಸು ಕೆಳಗಿಳಿಯುತ್ತದೆ. ಇಲ್ಲಿಯೂ ವರ್ಗದ ನಿಯಮವೇ ಆಳುತ್ತಿರುವುದನ್ನು ವಾಚಕರು ಗಮನಿಸಿರಬಹುದು.

ದೂರವಾಣಿಯ ತಾಮ್ರದ ತಂತಿಯ ಮೇಲೆ ಬರುತ್ತಿದ್ದ ಅಂತರ್ಜಾಲ ಈ ಹೊರೆಗೆ ತೀರ ಪ್ರತಿಕೂಲವಾಗಿತ್ತು. ಎಡಿಎಸ್‌ಎಲ್ ಎಂಬ ಆ ಪದ್ಧತಿಯಲ್ಲಿ ಒಳಬರುವ ದಾರಿ ಅಗಲ, ಹೊರಹೋಗುವ ದಾರಿ ಕಿರಿದು. ಉತ್ತಮ ಬಗೆಯಲ್ಲೂ ಒಳಕ್ಕೆ ಸೆಕೆಂಡಿಗೆ 240 ಲಕ್ಷ ಬಿಟ್ಟುಗಳಿದ್ದರೆ ಹೊರಕ್ಕೆ ಹತ್ತು ಲಕ್ಷದ ಸುಮಾರು. ಜನರು ತರಿಸಿಕೊಳ್ಳುವುದೇ ಹೆಚ್ಚು, ಕಳುಹಿಸುವುದು ಕಡಮೆ ಎಂಬ ನಂಬಿಕೆಯಿಂದ ಹಾಗೆ ರಚಿಸಿದ್ದರು. ನಮ್ಮ ಲೆಕ್ಕದಂತೆ ಅಂಥ ಮನೆಯೊಂದು ಎಂಟು ಕಾರುಗಳನ್ನು ಮಾತ್ರ ತಾಳಬಲ್ಲದು. ಒಂಬತ್ತನೆಯವನು ಬಂದೊಡನೆ ಪೊಟ್ಟಣಗಳು ಬಾಗಿಲಲ್ಲಿ ಸಾಲುಗಟ್ಟುತ್ತವೆ, ಕೆಲವು ಕಳೆದೇ ಹೋಗುತ್ತವೆ. ಕಾರುಗಳು ತೆರೆಯ ಮೇಲೆ ಕಪ್ಪೆಯಂತೆ ಕುಪ್ಪಳಿಸತೊಡಗುತ್ತವೆ. ಬಾಡಿಗೆಯ ಯಂತ್ರವಿರುವ ಕೇಂದ್ರದಲ್ಲಿ ಎರಡೂ ದಾರಿಗಳು ಸಮನಾಗಿ ಅಗಲ. ಅದಲ್ಲದೆ ಅಲ್ಲಿ ವಿದ್ಯುತ್ತು ಹೋದರೆ ಬದಲಿ ಏರ್ಪಾಡುಂಟು. ಆತಿಥೇಯನ ತಮ್ಮ ಪಕ್ಕದ ಕೋಣೆಯಲ್ಲಿ ಚಲನಚಿತ್ರ ನೋಡಲು ಕುಳಿತುಕೊಳ್ಳುವ ಭಯವೂ ಇಲ್ಲ. ಹಣದಿಂದ ದೊರೆಯುವ ಭಾಗವೆಂದರೆ ಇದು: ದಾರಿಯ ಅಗಲ ಮತ್ತು ಎಡೆಬಿಡದ ಎಚ್ಚರ. ಗಾಜಿನ ಎಳೆ ಮನೆಮನೆಗೆ ಬರುತ್ತಿರುವ ಈ ಕಾಲದಲ್ಲಿ ಮನೆಯಿಂದ ಹೊರಹೋಗುವ ದಾರಿಯೂ ಅಗಲವಾಗುತ್ತಿರುವುದರಿಂದ, ಅಗಲದ ವಾದ ಹಿಂದಿನಷ್ಟು ಬಲವಾಗಿ ಉಳಿದಿಲ್ಲ.

ಈ ಆಟದ ಚರಿತ್ರೆಯಲ್ಲಿ ಎರಡು ದಾರಿಗಳೂ ಅಕ್ಕಪಕ್ಕದಲ್ಲೇ ನಡೆದು ಬಂದಿವೆ. 1998ರಲ್ಲಿ ಅಮೆರಿಕದ ಪ್ಯಾಪೈರಸ್ ಸಂಸ್ಥೆ, 1967ರ ಪಂದ್ಯಗಳನ್ನು ಅನುಕರಿಸುವ ಗ್ರ್ಯಾಂಡ್ ಪ್ರಿ ಲೆಜೆಂಡ್ಸ್ ಎಂಬ ಆಟವನ್ನು ಹೊರತಂದಿತು. ಆ ಕಾಲದ ಮೋಡೆಮ್ಮು ಹೊರಕ್ಕೆ ಕಳುಹಿಸಬಲ್ಲುದು ಸೆಕೆಂಡಿಗೆ ಹೆಚ್ಚೆಂದರೆ 33,600 ಬಿಟ್ಟುಗಳು. ಹಾಗಿದ್ದೂ ಆಟಗಾರರು ತಮ್ಮ ಮನೆಗಳಿಂದಲೇ ಪಂದ್ಯಗಳನ್ನು ಏರ್ಪಡಿಸಿದರು. ಮೇಲಿನ ನಮ್ಮ ಅಂಕಿಗಳಂತೆ ಅದು ಮೂರು ಕಾರುಗಳಿಗೂ ಸಾಲದು. ಪೊಟ್ಟಣಗಳನ್ನು ಎಷ್ಟು ಬಿಗಿಯಾಗಿ ಕಟ್ಟಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಪ್ಯಾಪೈರಸ್ಸಿನ ಸ್ಥಾಪಕರಲ್ಲಿ ಒಬ್ಬರಾದ ಡೇವಿಡ್ ಕೆಮ್ಮರ್ ಮುಂದೆ ಜಾನ್ ಹೆನ್ರಿಯವರೊಡನೆ ಕಟ್ಟಿದ ಐರೇಸಿಂಗ್ 2008ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಚಂದಾ ತೆತ್ತವರಿಗೆ ಮಾತ್ರ ಪ್ರವೇಶ, ಸರ್ವರುಗಳೆಲ್ಲ ಸಂಸ್ಥೆಯವೇ, ಸದಸ್ಯರು ತಮ್ಮದೇ ಪಂದ್ಯ ಏರ್ಪಡಿಸಬಯಸಿದರೆ ಅದಕ್ಕೆ ಗಂಟೆಯ ಲೆಕ್ಕದಲ್ಲಿ ಬೇರೆ ಬಾಡಿಗೆ ಗೊತ್ತುಮಾಡಿತು. 2005ರ ಆರ್‌ಫ್ಯಾಕ್ಟರ್, 2014ರ ಅಸೆಟ್ಟೊ ಕೋರ್ಸಾ ಇವು ಬೇರೆ ದಾರಿ ಹಿಡಿದುವು. ಸರ್ವರಿನ ಕ್ರಮವಿಧಿಯನ್ನೇ ಆಟಗಾರರ ಕೈಗೆ ಕೊಟ್ಟು, ಎಲ್ಲಿ ಬೇಕಾದರೂ ನಡೆಸಿಕೊಳ್ಳಿರೆಂದುವು.

ಈ ಕೊನೆಯ ಏರ್ಪಾಡಿನಿಂದ ಒಂದು ಗೊಂದಲ ಬಗೆಹರಿಯುತ್ತದೆ. ‘ಮೀಸಲು ಸರ್ವರ್’ ಎಂದೊಡನೆ ‘ಹಣದ ಸರ್ವರ್’ ಎಂದು ಜನರು ತಿಳಿಯುತ್ತಾರೆ. ಮೀಸಲು ಎಂಬುದರ ಅರ್ಥ ಆ ಯಂತ್ರ ತಾನು ಆಡುವುದಿಲ್ಲವೆಂದಷ್ಟೆ. ಚಿತ್ರ ಬರೆಯುವ ಕೆಲಸವಿಲ್ಲದಿರುವುದರಿಂದ ಅಟ್ಟ ಸೇರಿದ ಹಳೆಯ ಕಂಪ್ಯೂಟರೂ ಅದನ್ನು ಮಾಡಬಲ್ಲದು. ಖರ್ಚಿಲ್ಲದ ಮೀಸಲು ಸರ್ವರ್ ಮನೆಯಲ್ಲೇ ಸಾಧ್ಯ.

ಸಾಧ್ಯವೆಂದೆವು, ಆದರೆ ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಅಂತರ್ಜಾಲದ ಹಳೆಯ ಪದ್ಧತಿಯ ವಿಳಾಸ 32 ಬಿಟ್ಟುಗಳದು. ಒಟ್ಟು ವಿಳಾಸಗಳು ಸುಮಾರು 430 ಕೋಟಿ. ಇಷ್ಟು ಜಗತ್ತಿಗೆ ಸಾಲದೆ ಹೋದುದರಿಂದ ಸೇವೆ ಒದಗಿಸುವವರು ನೂರಾರು ಮನೆಗಳಿಗೆ ಒಂದೇ ಬಹಿರಂಗ ವಿಳಾಸವನ್ನು ಹಂಚುತ್ತಾರೆ. ವಿದ್ಯಾರ್ಥಿನಿಲಯದ ಅಂಚೆಯನ್ನು ನೆನೆದರೆ ಇದು ತಿಳಿಯುತ್ತದೆ. ಒಳಗಿನ ಹುಡುಗ ಕಾಗದ ಬರೆದರೆ ಅದಕ್ಕೆ ಬಂದ ಉತ್ತರವನ್ನು ಕಾವಲುಗಾರ ಅವನ ಕೋಣೆಗೆ ತಲುಪಿಸುತ್ತಾನೆ. ಏಕೆಂದರೆ ಬರೆದವನು ಯಾರೆಂಬುದು ಅವನ ಪುಸ್ತಕದಲ್ಲಿದೆ. ಹೊರಗಿನಿಂದ ತಾನಾಗಿ ಬಂದ, ಕೋಣೆಯ ಹೆಸರಿಲ್ಲದ ಕಾಗದವನ್ನು ಏನು ಮಾಡಿಯಾನು? ಬುಟ್ಟಿಗೆ ಹಾಕುತ್ತಾನೆ. ಅತಿಥಿಗಳನ್ನು ಕರೆಯುವ ಆತಿಥೇಯನಿಗೆ ಬೇಕಾದುದು ಇಂಥ ಕಾಗದಗಳೇ. ಇಂಥ ಸಂಪರ್ಕವುಳ್ಳ ಮನೆಯವನು ಎಲ್ಲರ ಪಂದ್ಯಕ್ಕೂ ಹೋಗಬಲ್ಲನು, ತನ್ನ ಮನೆಗೆ ಯಾರನ್ನೂ ಕರೆಯಲಾರನು. ಹೊಸ ಪದ್ಧತಿಯ 128 ಬಿಟ್ಟುಗಳ ವಿಳಾಸ ಈ ಕಷ್ಟವನ್ನು ನೀಗಬಲ್ಲದಾದರೂ, ಹಳೆಯ ಆಟಗಳು ಅದನ್ನು ಓದಲಾರವು.

ಇದಲ್ಲದೆ ನಂಬಿಕೆಯ ಪ್ರಶ್ನೆಯೊಂದುಂಟು. ಸ್ಪರ್ಧಿಯೇ ಗದ್ದೆಯ ಯಜಮಾನನೂ ಆದರೆ, ಸೋಲುತ್ತಿರುವಾಗ ಪಂದ್ಯವನ್ನು ಮೊದಲಿನಿಂದ ಆರಂಭಿಸುವ ಗುಂಡಿ ಅವನ ಕೈಯಲ್ಲೇ ಇರುತ್ತದೆ. ಅವನು ಎದ್ದು ಊಟಕ್ಕೆ ಹೋದರೆ ಹಾದಿಯೇ ಮಾಯ. ಗುಂಪಿನಲ್ಲಿ ಸ್ನೇಹವಿರುವವರೆಗೆ ಇದು ಬಾಧಿಸದು. ಬಹುಮಾನ ಬಂತೆಂದರೆ ಬಾಧಿಸುತ್ತದೆ. ದೊಡ್ಡ ಪಂದ್ಯಗಳು ಮೀಸಲು ಸರ್ವರುಗಳ ಮೇಲೆ ನಡೆಯುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ಹಣ ಕೊಟ್ಟಲ್ಲಿ ವಿಘ್ನವಿಲ್ಲವೆಂದು ತಿಳಿಯಬಾರದು. 2023ರ ಜನವರಿಯಲ್ಲಿ ನಡೆದ 24 ಗಂಟೆಗಳ ಲ ಮಾನ್ ವರ್ಚುವಲ್ ಪಂದ್ಯವನ್ನು ಸರ್ವರಿನ ತೊಂದರೆಯಿಂದ ಎರಡು ಬಾರಿ ಕೆಂಪು ಬಾವುಟ ತೋರಿ ನಿಲ್ಲಿಸಬೇಕಾಯಿತು. ಭದ್ರತೆಗೆ ಭಂಗ ಬಂದಿರುವ ಶಂಕೆಯಿದೆಯೆಂದು ಏರ್ಪಡಿಸಿದವರು ಹೇಳಿದರು. ಆಗಾಗಲೇ ಎರಡು ಬಾರಿ ವಿಶ್ವವಿಜೇತನಾಗಿದ್ದ ಮ್ಯಾಕ್ಸ್ ವೆರ್‌ಸ್ಟಾಪೆನ್ ಮುಂಚೂಣಿಯಲ್ಲಿದ್ದಾಗ ಅವನ ಸಂಪರ್ಕ ಕಡಿಯಿತು. ಮರಳಿ ಸೇರುವಷ್ಟರಲ್ಲಿ ಸ್ಥಾನ ಕೈತಪ್ಪಿತ್ತು. ತಂಡ ಪಂದ್ಯವನ್ನೇ ಬಿಟ್ಟಿತು. ಹೆಸರಾಂತ ಸರ್ವರಿನ ವಿಳಾಸ ಹೆಸರಾಂತವಾದಷ್ಟೂ ಅದರ ಮೇಲೆ ಕಲ್ಲೆಸೆಯುವವರು ಹೆಚ್ಚು.

ಹಣದಿಂದ ದೊರೆಯದ ಇನ್ನೊಂದು ವಸ್ತುವೆಂದರೆ ಆಯುಷ್ಯ. ಯುಬಿಸಾಫ್ಟ್ ಸಂಸ್ಥೆ 2014ರಲ್ಲಿ ದ ಕ್ರೂ ಎಂಬ ಕಾರಿನ ಆಟವನ್ನು ಮಾರಾಟಕ್ಕೆ ತಂದಿತು. ಅದು ಸಂಸ್ಥೆಯ ಸರ್ವರುಗಳಿಲ್ಲದೆ ತೆರೆಯುವುದೇ ಇಲ್ಲ. 2024ರ ಮಾರ್ಚ್ 31ರಂದು ಸರ್ವರುಗಳನ್ನು ನಿಲ್ಲಿಸಿದರು. ಬೆಲೆ ಕೊಟ್ಟು ಕೊಂಡವರ ಕೈಯಲ್ಲಿದ್ದ ಆಟ ಆ ದಿನದಿಂದ ಒಬ್ಬಂಟಿಯಾಗಿ ಆಡಲೂ ಬಾರದಂತಾಯಿತು. ಇದರಿಂದ ಎದ್ದ ಅಸಮಾಧಾನ ಯುರೋಪಿನಲ್ಲಿ ಒಂದು ಚಳವಳಿಯಾಗಿಯೇ ಬೆಳೆಯಿತು. ಗ್ರ್ಯಾಂಡ್ ಪ್ರಿ ಲೆಜೆಂಡ್ಸನ್ನು ಮಾಡಿದ ಪ್ಯಾಪೈರಸ್ ಎಂದೋ ಮುಚ್ಚಿಹೋಯಿತು. ಆದರೆ ಅದರ ಆತಿಥ್ಯ ಆಟಗಾರರ ಕೈಯಲ್ಲೇ ಇದ್ದುದರಿಂದ, ಅಭಿಮಾನಿಗಳು ಅದರ ಪಂದ್ಯಗಳನ್ನು ದಶಕಗಳ ಕಾಲ ನಡೆಸಿಕೊಂಡು ಬಂದರು. ಯಾವ ಆಟವನ್ನು ಕೊಳ್ಳಬೇಕೆಂದು ಯೋಚಿಸುವ ವಿದ್ಯಾರ್ಥಿ ಚಿತ್ರದ ಸೊಗಸಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಸರ್ವರಿನ ಕ್ರಮವಿಧಿ ನನ್ನ ಕೈಗೆ ಬರುತ್ತದೆಯೇ ಎಂಬುದೆಂದು ನಮ್ಮ ಅಭಿಪ್ರಾಯ.

ಕೈಗೆ ಬರುವುದಾದರೆ ಮಧ್ಯಮಮಾರ್ಗವೊಂದಿದೆ. ಇಪ್ಪತ್ತು ಗೆಳೆಯರು ಕೂಡಿ ಮುಂಬಯಿಯ ದತ್ತಾಂಶ ಕೇಂದ್ರವೊಂದರಲ್ಲಿ ಚಿಕ್ಕ ಯಂತ್ರದ ಪಾಲನ್ನು ಬಾಡಿಗೆಗೆ ಹಿಡಿಯಬಹುದು. ಸರ್ವರಿಗೆ ದೊಡ್ಡ ಬುದ್ಧಿ ಬೇಡವೆಂದು ಮೊದಲೇ ಹೇಳಿದೆವಷ್ಟೆ, ಚಿಕ್ಕದೇ ಸಾಕು. ಬೆಂಗಳೂರಿನಿಂದ ಅಲ್ಲಿಗೆ ಕೇಬಲ್ಲಿನ ದಾರಿ ಸಾವಿರ ಕಿಲೋಮೀಟರೆಂದರೂ ಬೆಳಕಿಗೆ ಐದು ಮಿಲಿಸೆಕೆಂಡಿನ ಪ್ರಯಾಣ. ವಿಳಾಸದ ತೊಡಕಿಲ್ಲ, ಯಜಮಾನಿಕೆಯ ಜಗಳವಿಲ್ಲ; ಆ ಸಂಸ್ಥೆ ಮುಚ್ಚಿದರೆ ಗಂಟುಮೂಟೆ ಕಟ್ಟಿಕೊಂಡು ಇನ್ನೊಂದೆಡೆಗೆ ಹೋಗಬಹುದು.

ಯಾವುದನ್ನು ಆರಿಸುವುದಕ್ಕೂ ಮೊದಲು ಒಂದು ಪ್ರಯೋಗ ಮಾಡಿ ನೋಡಬೇಕು. ಪಿಂಗ್ ಎಂಬ ಆಜ್ಞೆ ಎಲ್ಲ ಕಂಪ್ಯೂಟರುಗಳಲ್ಲೂ ಇದೆ. ದೂರದ ಯಂತ್ರಕ್ಕೆ ಪೊಟ್ಟಣ ಹೋಗಿ ಬರಲು ಹಿಡಿದ ಕಾಲವನ್ನು ಅದು ತೋರಿಸುತ್ತದೆ. ಒಂದು ಸಲದ ಅಂಕಿಯನ್ನು ನಂಬಬಾರದು. ನೂರು ಸಲ ಅಳೆದು ಬರೆದುಕೊಂಡು, ಅತಿ ಹೆಚ್ಚಿನದಕ್ಕೂ ಅತಿ ಕಡಮೆಯದಕ್ಕೂ ಇರುವ ಅಂತರವನ್ನು ನೋಡಬೇಕು. ಸದಾ 90 ಮಿಲಿಸೆಕೆಂಡು ತೋರಿಸುವ ಸರ್ವರ್, 30ರಿಂದ 200ರವರೆಗೆ ತೂಗಾಡುವ ಸರ್ವರಿಗಿಂತ ಪಂದ್ಯಕ್ಕೆ ಒಳ್ಳೆಯದು. ತಡವಾದರೂ ಹೊತ್ತಿಗೆ ಸರಿಯಾಗಿ ಬರುವ ಸುದ್ದಿಯ ಮೇಲೆ ಊಹೆ ಕಟ್ಟುವುದು ಸುಲಭ. ಈ ಅಳತೆಯನ್ನು ಬೆಳಗಿನ ಜಾವ ಮಾಡಿ ಫಲವಿಲ್ಲ. ರಾತ್ರಿ ಒಂಬತ್ತು ಗಂಟೆಗೆ, ಬೀದಿಯ ಮನೆಗಳೆಲ್ಲ ಚಲನಚಿತ್ರ ನೋಡುತ್ತಿರುವಾಗ ಮಾಡತಕ್ಕದ್ದು. ಪಂದ್ಯ ನಡೆಯುವುದೂ ಆಗಲೇ.